ಮರದ ಮೀನು ಇರಲಿ, ಒಲೆಯ ಮೇಲೆ ಸೀಸ ಬೇಡ

ಕುಂದಾಪುರದ ಕಡೆಯಿಂದ ಗೃಹಿಣಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಪತಿ ನಿವೃತ್ತ ಮೇಷ್ಟ್ರು. ನಿವೃತ್ತಿಯ ಮೊದಲ ವರ್ಷದಲ್ಲಿ ಅವರ ಮಾತು ಕಡಿಮೆಯಾಯಿತು, ನಿದ್ದೆ ಕೆಟ್ಟಿತು, ರಕ್ತದ ಒತ್ತಡ ಏರಿತು. ಆಮೇಲೆ ಗೆಳೆಯರೊಬ್ಬರ ಜೊತೆ ಅಳಿವೆಗೆ ಹೋಗಿ ಗಾಳ ಹಾಕುವ ಹವ್ಯಾಸ ಹತ್ತಿತು. ಅಲ್ಲಿಂದ ಮರದಲ್ಲಿ ಪುಟ್ಟ ಮೀನು ಕೆತ್ತಿ, ಭೂತಾಯಿಯಂತೆ ಬಂಗುಡೆಯಂತೆ ಬಣ್ಣ ಬಳಿದು, ಅದನ್ನೇ ಗಾಳಕ್ಕೆ ಕಟ್ಟುವ ಹುಚ್ಚು. ಈಗ ಅವರು ಚೆನ್ನಾಗಿ ನಿದ್ದೆ ಮಾಡುತ್ತಾರೆ, ನಗುತ್ತಾರೆ. ಆದರೆ ಪತ್ರದ ಕೊನೆಯಲ್ಲಿ ಆ ತಾಯಿ ಕೇಳಿದ್ದಾರೆ: 'ಡಾಕ್ಟರೇ, ಮೀನಿನ ಹೊಟ್ಟೆಗೆ ತುಂಬುವ ಸೀಸವನ್ನು ಇವರು ನನ್ನ ಗ್ಯಾಸ್ ಒಲೆಯ ಮೇಲೆ ಕರಗಿಸುತ್ತಾರೆ. ಬಣ್ಣ ಒಣಗಲು ಊಟದ ಕೋಣೆಯ ಕಿಟಕಿಗೆ ತೂಗುಹಾಕುತ್ತಾರೆ. ಎರಡು ವರ್ಷದ ಮೊಮ್ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಇದನ್ನು ಬಿಟ್ಟುಬಿಡಿ ಎಂದು ಹೇಳಲೇ?'

ಅಮ್ಮಾ, ಬಿಡಿಸಬೇಡಿ. ಆದರೆ ಈ ಕೆಲಸವನ್ನು ಇಂದೇ ಅಡುಗೆಮನೆಯಿಂದ ಹೊರಗೆ ಹಾಕಿ. ಸೀಸವನ್ನು ಮಾತ್ರ ಹೊರಗಲ್ಲ, ಹವ್ಯಾಸದಿಂದಲೇ ತೆಗೆದುಹಾಕಿ.

ನಮ್ಮಲ್ಲಿ ವೈದ್ಯರಿಗೊಂದು ಕೆಟ್ಟ ಅಭ್ಯಾಸವಿದೆ. ಯಾವುದರಲ್ಲಾದರೂ ಸ್ವಲ್ಪ ಅಪಾಯ ಕಂಡರೆ 'ಬಿಡಿ' ಎಂದುಬಿಡುತ್ತೇವೆ. ಕೆಲಸವಿಲ್ಲದೆ ಕುಳಿತ ವೃದ್ಧರ ಮನಸ್ಸು ಹೇಗೆ ಕುಗ್ಗುತ್ತದೆ ಎಂಬುದನ್ನು ದಿನವೂ ಕಾಣುವ ನಾವು, ಅವರ ಕೈಗೆ ಸಿಕ್ಕ ಒಂದು ಕೆಲಸವನ್ನು ಕಿತ್ತುಕೊಳ್ಳುವುದು ಚಿಕಿತ್ಸೆಯಲ್ಲ. ಹಾಗೆಂದು ಹವ್ಯಾಸಿಗಳು ಹೇಳುವ 'ನನಗೇನೂ ಆಗಿಲ್ಲವಲ್ಲ' ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಇಲ್ಲಿ ಆಗುವುದು ಮಾಡುವವರಿಗಿಂತ ಹೆಚ್ಚಾಗಿ ನೆಲದ ಮೇಲೆ ಹರಿದಾಡುವ ಮಗುವಿಗೆ.

ಈ ಕಲೆ ಹಳೆಯದು. ಫಿನ್ಲೆಂಡಿನ ಲೌರಿ ರಪಾಲಾ ಎಂಬ ಬಡ ಮೀನುಗಾರ 1936ರಲ್ಲಿ ಕಾರ್ಕ್ ತುಂಡೊಂದನ್ನು ಚಾಕುವಿನಿಂದ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಚಾಕೊಲೇಟಿನ ಹೊಳೆಯುವ ಹಾಳೆ ಸುತ್ತಿ, ಕರಗಿಸಿದ ಫೋಟೋ ನೆಗೆಟಿವ್ ಲೇಪಿಸಿ ಒಂದು ಹುಸಿಮೀನು ಮಾಡಿದ. ಗುಂಪಿನಲ್ಲಿ ತುಸು ಓಲಾಡಿ ಈಜುವ ಮೀನಿನ ಮೇಲೆಯೇ ದೊಡ್ಡ ಮೀನು ಎರಗುತ್ತದೆ ಎಂಬುದನ್ನು ಅವನು ದೋಣಿಯಲ್ಲಿ ಕುಳಿತು ಗಮನಿಸಿದ್ದ. ಹುಸಿಮೀನಿಗೆ ಆ ಓಲಾಟ ಬರಬೇಕಾದರೆ ಅದು ನೀರಿನಲ್ಲಿ ಬೆನ್ನು ಮೇಲಾಗಿ ನಿಲ್ಲಬೇಕು. ಅದಕ್ಕೇ ಇಂದಿನ ಹವ್ಯಾಸಿಗಳು ಹೊಟ್ಟೆಯೊಳಗೆ ಸಣ್ಣ ತೂಕ ಇಡುತ್ತಾರೆ. ಅಗ್ಗವಾಗಿ ಸಿಗುವ, ಸುಲಭವಾಗಿ ಕರಗುವ ತೂಕವೆಂದರೆ ಸೀಸ. ತೊಂದರೆ ಇಲ್ಲಿಂದ ಶುರು.

ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮನೆಯ ಗ್ಯಾಸ್ ಒಲೆಗೆ ಅದೇನೂ ದೊಡ್ಡದಲ್ಲ. ಕರಗಿದ ಸೀಸದ ಮೇಲೆ ಬೂದು ಬಣ್ಣದ ಕೆನೆ ಕಟ್ಟುತ್ತದೆ. ಚಮಚದಿಂದ ಅದನ್ನು ಕೆರೆದು ಹಾಕುವಾಗ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಒಲೆಯ ಸುತ್ತ, ನೆಲದ ಮೇಲೆ, ಬಟ್ಟೆಯ ಮೇಲೆ ಬೀಳುತ್ತದೆ. ಉರಿ ಹೆಚ್ಚಾದರೆ ಹೊಗೆಯೂ ಏಳುತ್ತದೆ. ಒಂದು ಹನಿ ನೀರು ಬಿದ್ದರೂ ಸೀಸ ಸಿಡಿದು ಮುಖ ಸುಡಬಹುದು. ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವವರಿಗೆ ಇದೆಲ್ಲದರ ಜೊತೆಗೆ ಆಮ್ಲದ ಅಪಾಯ ಬೇರೆ. ಅದನ್ನು ಯಾರೂ ಮನೆಯಲ್ಲಿ ಮಾಡಲೇಬಾರದು.

ನೆಲದ ಆ ಪುಡಿ ಮಗುವಿನ ಅಂಗೈಗೆ ಅಂಟಿ ಬಾಯಿಗೆ ಹೋಗುತ್ತದೆ. ಅಷ್ಟೇ ಸೀಸ ಹೊಟ್ಟೆ ಸೇರಿದರೆ, ಪುಟ್ಟ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿಗೆ ಕಬ್ಬಿಣದ ಅಂಶ, ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ರಕ್ತಹೀನತೆ ಇರುವ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ ಎಂಬುದು ನಿಮಗೂ ಗೊತ್ತು. ಒಳಹೋದ ಸೀಸ ಮೂಳೆಯಲ್ಲಿ ಕುಳಿತು ವರ್ಷಗಟ್ಟಲೆ ಉಳಿಯುತ್ತದೆ. ಹೆಣ್ಣುಮಗು ಬೆಳೆದು ಗರ್ಭಿಣಿಯಾದಾಗ ಮೂಳೆಯಿಂದ ಹೊರಬಂದು ಹೊಟ್ಟೆಯಲ್ಲಿನ ಕೂಸಿಗೂ ತಲುಪಬಲ್ಲದು.

ಸೀಸ ಜ್ವರದಂತೆ ಹೇಳಿ ಬರುವುದಿಲ್ಲ. ಹೆಚ್ಚು ಪ್ರಮಾಣದಲ್ಲಿ ಸೇರಿದರೆ ಹೊಟ್ಟೆನೋವು, ವಾಂತಿ, ಮಲಬದ್ಧತೆ, ಫಿಟ್ಸ್ ಕಾಣಿಸಬಹುದು. ಕಡಿಮೆ ಪ್ರಮಾಣದಲ್ಲಿ ಏನೂ ಕಾಣಿಸುವುದಿಲ್ಲ. ಮುಂದೆ ಶಾಲೆಯಲ್ಲಿ ಮಗುವಿಗೆ ಪಾಠದ ಮೇಲೆ ಗಮನ ನಿಲ್ಲುವುದಿಲ್ಲ, ಕಲಿಕೆ ಹಿಂದೆ ಬೀಳುತ್ತದೆ. ಮನೆಯವರು 'ಮಂಕು' ಎಂದು ಬೈಯುತ್ತಾರೆ. ಕಾರಣ ಅಜ್ಜನ ಒಲೆಯ ಪಕ್ಕದಲ್ಲಿತ್ತು ಎಂದು ಯಾರಿಗೂ ಹೊಳೆಯುವುದಿಲ್ಲ. ಸೀಸವನ್ನು ದೇಹದಿಂದ ಹೊರತೆಗೆಯುವ ಔಷಧಗಳಿವೆ. ಆದರೆ ಹೋದ ಬುದ್ಧಿಶಕ್ತಿಯನ್ನು ತಂದುಕೊಡುವ ಔಷಧವಿಲ್ಲ. ಸೀಸದ ಮಟ್ಟಿಗೆ 'ಇಷ್ಟಿದ್ದರೆ ಸುರಕ್ಷಿತ' ಎಂಬ ಗಡಿಯೇ ತಿಳಿದಿಲ್ಲ.

'ನಮ್ಮಜ್ಜನ ಕಾಲದಿಂದ ಬಲೆಗೆ ಸೀಸದ ಗುಂಡು ಕಟ್ಟುತ್ತಿದ್ದೇವೆ, ಏನಾಯಿತು?' ಎಂದು ನೀವು ಕೇಳಬಹುದು. ಏನಾಯಿತೆಂದು ಆಗ ಯಾರೂ ಅಳೆದು ನೋಡಲಿಲ್ಲ ಎಂಬುದೇ ನನ್ನ ಉತ್ತರ. ಅಳೆಯತೊಡಗಿದ ಮೇಲೆ ಜಗತ್ತು ಸುಮ್ಮನಿರಲಿಲ್ಲ. ನಮ್ಮ ದೇಶದಲ್ಲೇ 2000ದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಇಂಗ್ಲೆಂಡಿನಲ್ಲಿ ಗಾಳದ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿವೆಯೆಂದು 1987ರಲ್ಲಿ ಸಣ್ಣ ಗುಂಡುಗಳ ಮಾರಾಟವನ್ನೇ ನಿಷೇಧಿಸಿದರು. ಹಂಸಗಳಿಗಾಗಿ ಅವರು ಮಾಡಿದ್ದನ್ನು ಮೊಮ್ಮಗಳಿಗಾಗಿ ನಾವು ಮಾಡಲಾರೆವೇ?

ಮಾಡುವುದು ಕಷ್ಟವೂ ಅಲ್ಲ. ಸೈಕಲ್ ಅಂಗಡಿಯಲ್ಲಿ ಸಿಗುವ ಉಕ್ಕಿನ ಗುಂಡುಗಳು ಸಾಕು. ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಸುಮಾರು ಒಂದೂವರೆ ಪಟ್ಟು ಜಾಗ ಬೇಕು. ರಂಧ್ರವನ್ನು ಸ್ವಲ್ಪ ದೊಡ್ಡದು ಮಾಡಿದರಾಯಿತು. ಕರಗಿಸುವ ಗೋಜೇ ಇಲ್ಲ. ಗುಂಡು ಕೂರಿಸಿ, ಅಂಟು ಹಾಕಿ ಮುಚ್ಚಿ, ಬಕೆಟ್ ನೀರಿನಲ್ಲಿ ತೇಲಿಸಿ ನೋಡಿ.

ಇನ್ನು ಬಣ್ಣದ ಮಾತು. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಡಬ್ಬಿಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಕಾರ್ಖಾನೆಗಳಿಗೆಂದು ತಯಾರಾಗುವ ಬಣ್ಣಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸದ ಸಂಯುಕ್ತ ಇರುವ ಸಾಧ್ಯತೆ ಹೆಚ್ಚು. ಮೀನಿಗೆ ಬೇಕಾದ ಬಣ್ಣಗಳೂ ಅವೇ! ಆದ್ದರಿಂದ ಹಳೆಯ ಡಬ್ಬಿಯನ್ನು ಮುಟ್ಟಬೇಡಿ. ನೀರಿನಲ್ಲಿ ಕಲಸುವ ಹೊಸ ಅಕ್ರಿಲಿಕ್ ಬಣ್ಣ ತನ್ನಿ. ಕುಂಚವನ್ನು ತುಟಿಯಲ್ಲಿ ಒದ್ದೆ ಮಾಡಿ ಚೂಪು ಮಾಡುವ ಅಭ್ಯಾಸವಿದ್ದರೆ ಬಿಡಿ.

ಬಣ್ಣದ ಮೇಲೆ ಹೊಳಪಿಗಾಗಿ ಕೆಲವರು ಕಾರಿಗೆ ಹೊಡೆಯುವ ಎರಡು ಡಬ್ಬಿ ಬೆರೆಸುವ ಲೇಪವನ್ನು ತುಂತುರಾಗಿ ಹೊಡೆಯುತ್ತಾರೆ. ಅದರ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೋಸಯನೇಟ್ ಇರುತ್ತದೆ. ಇದು ಆರೋಗ್ಯವಂತರಿಗೂ ಆಸ್ತಮಾ ತರಬಲ್ಲದು. ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಸ್ವಲ್ಪ ಆವಿಯೂ ಉಬ್ಬಸ ಎಬ್ಬಿಸುತ್ತದೆ. ದೂಳಿಗೆ ಕಟ್ಟುವ ಎನ್-95 ಮುಖವಾಡ ಆವಿಯನ್ನು ತಡೆಯುವುದಿಲ್ಲ. ಮನೆಯಲ್ಲಿ ಅದು ಬೇಡ. ಕುಂಚದಿಂದ ಹಚ್ಚುವ ಎಪಾಕ್ಸಿ ಸಾಕು, ಅದಕ್ಕೂ ನೈಟ್ರೈಲ್ ಕೈಗವಸು ಬೇಕು. ಇಲ್ಲದಿದ್ದರೆ ಕೈ ತುರಿಸುವ ಚರ್ಮರೋಗ ಗ್ಯಾರಂಟಿ ಅಲ್ಲದಿದ್ದರೂ ದೂರವೂ ಅಲ್ಲ.

ಮರದ ಹುಡಿಯನ್ನೂ ಹಗುರವಾಗಿ ಕಾಣಬೇಡಿ. ವರ್ಷಗಟ್ಟಲೆ ಮರದ ದೂಳು ಕುಡಿಯುವ ಬಡಗಿಗಳಲ್ಲಿ ಮೂಗಿನ ಕ್ಯಾನ್ಸರ್ ಬರುವುದನ್ನು ಕಂಡು, ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ವಾರಕ್ಕೆರಡು ಮೀನು ಉಜ್ಜುವ ಮೇಷ್ಟ್ರಿಗೆ ಅಷ್ಟು ಭಯ ಬೇಡ. ಆದರೆ ತೇಗ, ಬೀಟೆಯ ಹುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ, ಉಬ್ಬಸವಿದ್ದವರಿಗೆ ಯಾವ ಹುಡಿಯೂ ಒಳ್ಳೆಯದಲ್ಲ. ಇಲ್ಲಿ ಎನ್-95 ಮುಖವಾಡ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮೇಷ್ಟ್ರಿಗೆ ನನ್ನ ಚೀಟಿ ಇಷ್ಟೇ: ಕೆಲಸ ಹಿತ್ತಿಲ ಚಾವಡಿಯಲ್ಲಿ ನಡೆಯಲಿ. ಅದಕ್ಕೆಂದೇ ಒಂದು ಹಳೆಯ ಅಂಗಿ ಇರಲಿ, ಅದನ್ನು ಅಲ್ಲೇ ಕಳಚಿ, ಬೇರೆಯಾಗಿ ಒಗೆಯಿರಿ. ಹುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸೋಪಿನಿಂದ ಕೈ ತೊಳೆದ ಮೇಲೆಯೇ ಮೊಮ್ಮಗಳನ್ನು ಎತ್ತಿಕೊಳ್ಳಿ. ಕೊಕ್ಕೆಗಳನ್ನು ಅಳಿವೆಗೆ ಹೋದ ಮೇಲೆಯೇ ಜೋಡಿಸಿ. ಬೆರಳಿಗೆ ಚುಚ್ಚಿದರೆ ಟೆಟನಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ, ಕಣ್ಣಿಗೆ ಚುಚ್ಚಿದರೆ ಎಳೆಯದೆ ನೇರ ಆಸ್ಪತ್ರೆಗೆ ಹೋಗಿ. ಸೀಸ ಕರಗಿಸಿದ ಪಾತ್ರೆ, ಚಮಚ ಮತ್ತೆ ಅಡುಗೆಗೆ ಬೇಡ.

ಆ ತಾಯಿಗೆ ಇನ್ನೊಂದು ಮಾತು. ಈಗಾಗಲೇ ಒಲೆಯ ಮೇಲೆ ಸೀಸ ಕರಗಿದೆ. ಆದ್ದರಿಂದ ಮಗುವಿನ ರಕ್ತದಲ್ಲಿ ಸೀಸದ ಪ್ರಮಾಣವನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದರೆ ಗಮನ ಕೊಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ನಿಗದಿಪಡಿಸಿದೆ. ಹೆಚ್ಚಿದ್ದರೂ ಗಾಬರಿ ಬೇಡ, ಪತಿಯನ್ನು ಬೈಯುವುದೂ ಬೇಡ. ಮೂಲ ದೂರವಾದರೆ ಮಟ್ಟ ಇಳಿಯುತ್ತದೆ. ಮಕ್ಕಳ ವೈದ್ಯರು ಮುಂದಿನದನ್ನು ನೋಡಿಕೊಳ್ಳುತ್ತಾರೆ.

ಮೊಮ್ಮಗಳಿಗೂ ಒಂದು ಮೀನು ಬೇಕೇ ಬೇಕು, ಅಜ್ಜನ ಕೈಯಲ್ಲಿ ಕಂಡ ಮೇಲೆ ಬಿಡುವಳೇ? ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರದ ತುಂಡು ಸಿಕ್ಕಿದರೆ ಅದರಲ್ಲೇ ಕೆತ್ತಿಕೊಡಿ. ಗಂಟಲಲ್ಲಿ ಸಿಕ್ಕಿಕೊಳ್ಳದಷ್ಟು ದೊಡ್ಡದಿರಲಿ. ಗುಂಡು ಬೇಡ, ಕೊಕ್ಕೆ ಬೇಡ, ಬಣ್ಣವೂ ಬೇಡ. ನುಣ್ಣಗೆ ಉಜ್ಜಿ, ಸ್ವಲ್ಪ ಜೇನುಮೇಣ ತಿಕ್ಕಿದರೆ ಸಾಕು. ಆ ಮೀನನ್ನು ಅವಳು ಎಷ್ಟು ಕಚ್ಚಿದರೂ ನೀವು ನಿಶ್ಚಿಂತೆಯಿಂದ ಇರಬಹುದು.