ಲೆಕ್ಕದ ಕಲಿಕೆಗೆ ಯಂತ್ರದ ನೆರವು

ಸೋಮೇಶ್ವರ ದೇವಾಲಯದ ಶಿಲೆಗಳಲ್ಲಿ 12ನೆಯ ಶತಮಾನದ ಶರಣ ಏಕಾಂತದ ರಾಮಯ್ಯನವರ ನೆನಪನ್ನು ಉಳಿಸಿಕೊಂಡ ಊರು ಅಬಲೂರು. ಇಂತಹ ಗ್ರಾಮಗಳ ಮಕ್ಕಳಿಗೂ ಲೆಕ್ಕದ ವಿದ್ಯೆಯು ನಗರದ ಮಕ್ಕಳಿಗೆ ಸಲ್ಲುವಂತೆಯೇ ಸಲ್ಲಬೇಕು. ಅದಕ್ಕಾಗಿ ದಾನಿಗಳು ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡಮಾಡುತ್ತಿರುವುದು ಸ್ತುತ್ಯವೇ ಸರಿ. ಆದರೆ ಯಂತ್ರವನ್ನಿತ್ತೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುವುದು ತರವಲ್ಲ.

52ರಲ್ಲಿ 37ನ್ನು ಕಳೆಯಿರೆಂದರೆ ಅನೇಕ ಮಕ್ಕಳು 25 ಎಂದು ಬರೆಯುವರು. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗದೆಂದು, 7ರಿಂದಲೇ 2ನ್ನು ಕಳೆದಿರುವರು. ಉತ್ತರವನ್ನಷ್ಟೇ ನೋಡುವ ಯಂತ್ರವು ತಪ್ಪೆಂದು ಸಾರಿ ಮುಂದೆ ಸಾಗುವುದು. ಮಗುವಿಗೆ ಉಳಿಯುವುದು ನಾಚಿಕೆಯೊಂದೇ. ಗುರುಗಳಾದರೋ ಹತ್ತು ಕಡ್ಡಿಗಳ ಒಂದು ಕಟ್ಟನ್ನು ಬಿಚ್ಚಿಸಿ, 12 ಬಿಡಿಗಳಿಂದ 7ನ್ನು ತೆಗೆಸುವರು. 15 ಎಂಬ ಉತ್ತರವು ಮಗುವಿನ ಕೈಯಲ್ಲಿಯೇ ಮೂಡುವುದು.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಫೌಂಡೇಶನ್ನಿನ ಸಹಯೋಗದಿಂದ ನಡೆದ ಗಣಿತ ಕಲಿಕಾ ಆಂದೋಲನವು 4 ಮತ್ತು 5ನೆಯ ತರಗತಿಗಳಿಗೆ ಮಣಿಚೌಕಟ್ಟು ಮೊದಲಾದ ಉಪಕರಣಗಳನ್ನು ಒದಗಿಸಿ, ಶಿಕ್ಷಕರಿಗೆ ತರಬೇತಿಯನ್ನೂ ನೀಡಿತು. ಅದೇ ಸಂಸ್ಥೆಯು ರೂಪಿಸಿದ ಮೊಬೈಲಿನ ಗಣಿತದಾಟಗಳು ಅಭ್ಯಾಸಕ್ಕೆ ನೆರವಾಗುವಂಥವು. ಮೊದಲು ಕೈಗೆ ವಸ್ತು, ಅನಂತರ ಕಣ್ಣಿಗೆ ಪರದೆ. ಬಡ ಶಾಲೆಗಳಿಗೆ ಈ ಕ್ರಮವೇ ಯೋಗ್ಯವಾದುದು.

ಆದುದರಿಂದ ದಾನಿಗಳಲ್ಲಿ ಬಿನ್ನಹವಿಷ್ಟೇ: ಯಂತ್ರದ ಬೆಲೆಯೊಡನೆ ಅದರ ದುರಸ್ತಿಗೂ ಶಿಕ್ಷಕರ ತರಬೇತಿಗೂ ಒಂದು ಪಾಲನ್ನು ತೆಗೆದಿಡಿರಿ. ಪಂಕ್ತಿಯ ಕಡೆಯಲ್ಲಿ ಕುಳಿತ ಮಗುವಿಗೂ ಎಡೆ ಮುಟ್ಟಿದಾಗಲೇ ಜ್ಞಾನದಾಸೋಹವು ಪೂರ್ಣವಾಗುವುದು.