ಚಿತ್ರಶಾಲೆಯೂ ಊರ ಜನರೂ

ಹೋದ ವರ್ಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಬಾಲಿಕೆಯರೊಡನೆ ನಾವು ಬೆಂಗಳೂರಿಗೆ ಪ್ರವಾಸ ಹೋಗಿದ್ದುದು ಹಲವು ಮಂದಿ ತಾಯಿತಂದೆಗಳಿಗೆ ನೆನಪಿರಬಹುದು. ಲಾಲ್‌ಬಾಗು, ವಿಧಾನಸೌಧ ಮೊದಲಾದುವನ್ನು ನೋಡಿಯಾದ ಮೇಲೆ ಎರಡು ಗಂಟೆಗಳ ಹೊತ್ತು ಮಿಕ್ಕಿತು. ಆದುದರಿಂದ, ಇಂದಿನ ಕಾಲದ ಕಲಾಕೃತಿಗಳನ್ನು ಇಟ್ಟಿರುವ ಒಂದು ಚಿತ್ರಶಾಲೆಗೆ ಅವರನ್ನು ಕರೆದುಕೊಂಡು ಹೋದೆವು. ಒಳಗೆ ತಣ್ಣಗಿತ್ತು; ಗೋಡೆಗಳೆಲ್ಲ ಬೆಳ್ಳಗಿದ್ದುವು. ನಮ್ಮ ಹುಡುಗಿಯರು ಚಪ್ಪಲಿಗಳನ್ನು ಬಾಗಿಲ ಹೊರಗೆ ಬಿಡಹೋಗಿ, ಕಾವಲುಗಾರನು ಬೇಡವೆಂದುದರಿಂದ ನಾಚಿ ಮತ್ತೆ ಮೆಟ್ಟಿಕೊಂಡರು. ಒಬ್ಬರ ಕೈಯನ್ನೊಬ್ಬರು ಹಿಡಿದು, ಮಾತನಾಡಲು ಅಂಜಿ, ಸಾಲಾಗಿ ನಡೆದರು. ಚಿತ್ರಗಳ ಪಕ್ಕದ ಚೀಟಿಗಳು ಇಂಗ್ಲಿಷಿನಲ್ಲಿದ್ದುವು.

ಕಡೆಯ ಕೋಣೆಯಲ್ಲಿ ಒಂದು ದೊಡ್ಡ ಬಟ್ಟೆಯನ್ನು ಗಾಜಿನ ಹಿಂದೆ ತೂಗುಹಾಕಿದ್ದರು. ಕೆಂಪು, ನೀಲಿ ಅರಿವೆಯ ತುಂಡುಗಳು, ಕನ್ನಡಿ ಬಿಲ್ಲೆಗಳು, ಅಂಚಿಗೆ ಕವಡೆಗಳು. ಕೂಡ್ಲಿಗಿಯ ಕಡೆಯ ಒಂದು ತಾಂಡಾದಿಂದ ನಮ್ಮ ವಸತಿಗೃಹಕ್ಕೆ ಬಂದಿರುವ ಹುಡುಗಿಯು ಅದರ ಮುಂದೆ ನಿಂತುಬಿಟ್ಟಳು. “ಅಕ್ಕಾವರೇ, ಇದು ನಮ್ಮ ಯಾಡಿ ಹಾಕುವ ಹೊಲಿಗೆ” ಎಂದಳು. ಚೀಟಿಯಲ್ಲಿ ಏನು ಬರೆದಿದೆಯೆಂದು ಕೇಳಿದಳು. ಓದಿ ಹೇಳಿದೆವು: ಲಂಬಾಣಿ ಕಸೂತಿ, ಕರ್ನಾಟಕ, ಅದರ ಕೆಳಗೆ, ಅದನ್ನು ಸಂಗ್ರಹಿಸಿದವರ ಹೆಸರು. “ಹೊಲಿದಾಕೆಯ ಹೆಸರು?” ಎಂದಳು. ಅದಿರಲಿಲ್ಲ. ನಾವು ಏನೋ ಒಂದು ಸಮಾಧಾನ ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎಲ್ಲರನ್ನೂ ಹೊರಡಿಸಿದೆವು. ಉಪಾಧ್ಯಾಯಿನಿಯರು ಹೀಗೆ ತಪ್ಪಿಸಿಕೊಳ್ಳುವುದು ಹೊಸತಲ್ಲ. ಆದರೆ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ.

ಚಿತ್ರಶಾಲೆಗಳು ಸುತ್ತಣ ಜನರನ್ನು ತಮ್ಮೊಳಗೆ ಬರಮಾಡಿಕೊಳ್ಳಬೇಕೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಬರುತ್ತಿದೆ. ಮಕ್ಕಳಿಗೆ ರಿಯಾಯಿತಿ ಕೊಡುವುದು, ಚಿತ್ರಗಳ ಅರ್ಥವನ್ನು ವಿವರಿಸಿ ಹೇಳುವವರನ್ನು ನೇಮಿಸುವುದು ಮೊದಲಾದ ಕ್ರಮಗಳನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯದಲ್ಲಿ, ಕಣ್ಣು ಕಾಣದವರು ಕೈಯಿಂದ ಮುಟ್ಟಿ ತಿಳಿಯತಕ್ಕ ಪ್ರತಿರೂಪಗಳನ್ನು ಮಾಡಿಸಿಟ್ಟಿರುವುದು ಬಹು ಮೆಚ್ಚತಕ್ಕ ಕೆಲಸ. ಆದರೂ ಇವೆಲ್ಲವುಗಳಲ್ಲಿ ಊರ ಜನರು ನೋಡುವವರಾಗಿಯೇ ಉಳಿಯುತ್ತಾರೆ. ನಮ್ಮ ಅಭಿಪ್ರಾಯವೇನೆಂದರೆ, ಜನರ ಕೈಕೆಲಸವು ಅವರವರ ಹೆಸರಿನೊಡನೆ ಗೋಡೆಗೆ ಏರಿದಂದೇ ಆ ಗೋಡೆ ಅವರದಾಗುತ್ತದೆ. ಅದಕ್ಕೆ ಮುಂಚೆ ಅವರು ಎಷ್ಟು ಸಲ ಬಂದುಹೋದರೂ ನೆಂಟರೇ ಸರಿ.

ಇದಕ್ಕೆ ಒಂದು ದೃಷ್ಟಾಂತವು ಆ ರಸ್ತೆಯಲ್ಲಿಯೇ ಇದೆ. ಸರ್ಕಾರದ ವಸ್ತುಸಂಗ್ರಹಾಲಯದ ಮಗ್ಗುಲಿಗೆ ವೆಂಕಟಪ್ಪ ಚಿತ್ರಶಾಲೆಯುಂಟು. ಕೆ. ವೆಂಕಟಪ್ಪನವರು (1886–1965) ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಉದಕಮಂಡಲದ ಬೆಟ್ಟಗಳ ನೀರುಬಣ್ಣದ ಚಿತ್ರಗಳಿಂದ ಕೀರ್ತಿವಂತರಾದವರು. ಅವರ ಹೆಸರಿನ ಈ ಶಾಲೆಯಲ್ಲಿ, ಹೆಸರಿಲ್ಲದ ಚಿತ್ರಕಾರರು ಸಹ ಅಲ್ಪ ಬಾಡಿಗೆ ತೆತ್ತು ತಮ್ಮ ಕೃತಿಗಳನ್ನು ತೋರಿಸಲು ಅವಕಾಶವಿದ್ದಿತು. ಎಷ್ಟೋ ಮಂದಿಯ ಮೊದಲ ಪ್ರದರ್ಶನವು ಅಲ್ಲಿಯೇ ನಡೆಯಿತು. 2015ರಲ್ಲಿ ಸರ್ಕಾರವು ಈ ಶಾಲೆಯ ವಿಷಯದಲ್ಲಿ ಒಂದು ಖಾಸಗಿ ಪ್ರತಿಷ್ಠಾನದೊಡನೆ ಒಪ್ಪಂದ ಮಾಡಿಕೊಂಡಾಗ, ಚಿತ್ರಕಾರರು ಒಟ್ಟುಗೂಡಿ, ಅದರ ಅಂಗಳದಲ್ಲಿಯೇ ಚಿತ್ರ ಬರೆದು, ಸಭೆ ಸೇರಿಸಿ ಪ್ರತಿಭಟಿಸಿದರು. ಆ ಒಪ್ಪಂದವು ಕಡೆಗೂ ಕಾರ್ಯಕ್ಕೆ ಬರಲಿಲ್ಲ. ಕಟ್ಟಡದ ಮಳಿಗೆ ಸೋರುತ್ತಿದ್ದರೂ, ದೀಪಗಳು ಸರಿಯಿಲ್ಲದಿದ್ದರೂ, ಅದು ತಮ್ಮದೆಂಬ ಭಾವನೆಯು ಅವರಿಗೆ ಎಲ್ಲಿಂದ ಬಂದಿತು? ತಾವೇ ಮೊಳೆ ಹೊಡೆದು ಚಿತ್ರ ತೂಗಿಸಿದ ಗೋಡೆಗಳಾದುದರಿಂದ ಬಂದಿತು. ಆದರೆ ಒಂದು ಮಾತನ್ನು ಮರೆಮಾಚಬಾರದು. ಅಲ್ಲಿ ಸೇರಿದವರು ಬಹುಮಟ್ಟಿಗೆ ಚಿತ್ರಕಾರರೇ. ಕಬ್ಬನ್ ಉದ್ಯಾನದ ಬಾಗಿಲಲ್ಲಿ ಸೌತೆಕಾಯಿ ಮಾರುವಾಕೆಗೆ ಆ ಒಪ್ಪಂದವು ನಿಂತರೇನು, ಬಿದ್ದರೇನು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ನಡೆಸುವ ಚಿತ್ರಸಂತೆಯು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಹೊಸ ವರ್ಷದ ಆರಂಭದಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ತಡೆದು, ಎರಡು ಬದಿಗೂ ಚಿತ್ರಗಳನ್ನು ಒರಗಿಸಿಟ್ಟು, ನೂರು ರೂಪಾಯಿಯಿಂದ ಹಿಡಿದು ಲಕ್ಷಗಳವರೆಗಿನ ಬೆಲೆಗೆ ಮಾರುತ್ತಾರೆ. ಕಡಲೆಕಾಯಿ ತಿನ್ನುತ್ತ ಚಿತ್ರ ನೋಡುವ ಜನರನ್ನು ಅಲ್ಲಿಯೇ ಕಾಣಬೇಕು! ಶಾಂತಿನಗರದಲ್ಲಿ ಸುರೇಶ ಜಯರಾಮರು ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟು ನಡೆಸುತ್ತ ಬಂದಿರುವ ಒಂದನೆಯ ನಂಬರಿನ ಶಾಂತಿರಸ್ತೆಯ ಸ್ಥಳವೂ ನಮಗೆ ಹಿಡಿಸಿದೆ. ಅಂಗಳ, ಮರ, ಅಡಿಗೆಮನೆ ಇರುವಲ್ಲಿ ನಮ್ಮ ಹೆಣ್ಣುಮಕ್ಕಳು ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸಬೇಕಾಗಿಲ್ಲ.

ಆದರೆ ಇವೆಲ್ಲವೂ ಬೆಂಗಳೂರಿನ ಮಾತು. ಕೊಟ್ಟೂರಿನಿಂದ ಅಲ್ಲಿಗೆ ಒಂದು ರಾತ್ರಿಯ ದಾರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದುವು. ಹರಪನಹಳ್ಳಿಯವರಂತೂ ಬಳ್ಳಾರಿಯಿಂದ ದಾವಣಗೆರೆಗೆ, ದಾವಣಗೆರೆಯಿಂದ ತಿರುಗಿ ಬಳ್ಳಾರಿಗೆ, ಅಲ್ಲಿಂದ ಹೊಸಪೇಟೆಗೆ ಕಾಗದಪತ್ರಗಳನ್ನು ಹೊತ್ತು ಸಾಕಾಗಿದ್ದಾರೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಈ ಸೀಮೆಯವರೇ. ಕುಂಚದಿಂದ ಬರೆದ ಒಂದು ಮೂಲಚಿತ್ರವನ್ನು ತಮ್ಮ ಊರಿನಲ್ಲಿ ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಹತ್ತನೆಯ ತರಗತಿಯಲ್ಲಿ ಕೇಳಿದೆವು. ಒಂದು ಕೈಯೂ ಮೇಲೇಳಲಿಲ್ಲ.

ಹಾಗೆಂದ ಮಾತ್ರಕ್ಕೆ ಇದು ಕಲೆಯಿಲ್ಲದ ನಾಡಲ್ಲ. ತುಂಗಭದ್ರೆಯ ದಡದ ಕುರುವತ್ತಿಯಲ್ಲಿ ಮಲ್ಲಿಕಾರ್ಜುನ ದೇವಾಲಯದ ಬಾಗಿಲ ಕಂಬಗಳಿಗೆ ಚಾಲುಕ್ಯರ ಕಾಲದ ಶಿಲ್ಪಿಗಳು ಇರಿಸಿದ ಮದನಿಕೆಯರನ್ನು ನೋಡಿದವರು, ಬಳುಕುವ ಬಳ್ಳಿಗೂ ಕಲ್ಲಿಗೂ ಭೇದವನ್ನು ಮರೆಯುತ್ತಾರೆ. ಹರಪನಹಳ್ಳಿಯ ಹತ್ತಿರದ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಕಂಬಗಳ ಕೆತ್ತನೆಯನ್ನೂ ಶಾಸನಗಳನ್ನೂ ನೋಡಲು ಒಂದು ದಿನ ಸಾಲದು. ಒಕ್ಕಲು ಮಗನು ಎತ್ತು ಹೊಡೆದುಕೊಂಡು ಹೋಗುವಾಗ ಕಾಣುತ್ತಿದ್ದ ಈ ಕಲ್ಲುಗಳೇ ಆ ಊರುಗಳ ಚಿತ್ರಶಾಲೆಗಳಾಗಿದ್ದುವು. ಈಚಿನ ಕಾಲಕ್ಕೆ ಬಂದರೂ, ಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ಕಟ್ಟಿದ ರಂಗಭಾರತಿಯು ಆ ಊರಿಗೆ ಮಲ್ಲಿಗೆಯಷ್ಟೇ ಹೆಸರನ್ನು ತಂದಿತು. ರಾಜಕಾರಣದಲ್ಲಿ ಮುಳುಗಿದ್ದವರು ತಾಲ್ಲೂಕಿನ ಊರಿನಲ್ಲಿ ನಾಟಕದ ಸಂಸ್ಥೆಯೊಂದನ್ನು ಕಟ್ಟಬಹುದಾದರೆ, ಚಿತ್ರಕ್ಕೆ ನಾಲ್ಕು ಗೋಡೆ ಒದಗಿಸುವುದು ಅಸಾಧ್ಯವೆಂದು ನಾವು ಒಪ್ಪುವುದಿಲ್ಲ.

ಅಲ್ಲದೆ, ಹೆಂಗಸರ ಕೈಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಸೀಮೆಯಲ್ಲಿ ಕೌದಿಯಿಲ್ಲದ ಮನೆಯುಂಟೇ? ಅಜ್ಜನ ಧೋತರ, ಅವ್ವನ ಹಳೆಯ ಇಳಕಲ್ಲ ಸೀರೆ, ಕೂಸಿನ ಅಂಗಿ ಇವುಗಳನ್ನು ತುಂಡುಮಾಡಿ, ಬಣ್ಣಕ್ಕೆ ಬಣ್ಣ ಹೊಂದಿಸಿ, ಮಧ್ಯಾಹ್ನದ ಹೊತ್ತಿನಲ್ಲಿ ಜಗಲಿಯ ಮೇಲೆ ಕುಳಿತು ತಿಂಗಳುಗಟ್ಟಲೆ ಹೊಲಿಯುತ್ತಾರೆ. ಯಾವ ತುಂಡು ಎಲ್ಲಿಗೆ ಹೋಗಬೇಕೆಂಬುದನ್ನು ಯಾವ ಪುಸ್ತಕವೂ ಅವರಿಗೆ ಹೇಳಿಕೊಟ್ಟಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಇಂತಹವೇ ಕೌದಿಗಳು ಇಂದು ಅಮೆರಿಕದ ವಸ್ತುಸಂಗ್ರಹಾಲಯಗಳವರೆಗೂ ಹೋಗಿವೆ. ನಮ್ಮಲ್ಲಿಯೋ, ನೆಂಟರು ಬಂದರೆ ಕೌದಿಯನ್ನು ಮಡಿಸಿ ಒಳಕ್ಕೆ ಇಟ್ಟು, ಪೇಟೆಯ ಚಾದರವನ್ನು ಹಾಸುತ್ತೇವೆ!

ತಾಂಡಾಗಳ ಕಾಂಚಳಿ, ಫೇಟಿಯಾಗಳ ಮೇಲಣ ಕಸೂತಿಯ ಕೀರ್ತಿಯು ದೂರ ಹಬ್ಬಿದೆ. ನೆರೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ದೊರೆತು ಹಲವು ವರ್ಷಗಳಾದುವು. 2023ರ ಜುಲೈ ತಿಂಗಳಿನಲ್ಲಿ ಹಂಪೆಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ವಿಭಾಗದ ಸಭೆ ಸೇರಿದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಂದಿ ಲಂಬಾಣಿ ಹೆಂಗಸರು ಮಾಡಿದ 1755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ, ಗಿನ್ನೆಸ್ ದಾಖಲೆ ಪಡೆದರು. ಇದು ಅಭಿಮಾನಪಡತಕ್ಕ ಸಂಗತಿಯೇ. ಆದರೆ 1755 ಎಂಬ ಅಂಕಿಯು ನಮ್ಮೂರ ಚಹದ ಅಂಗಡಿಯವರೆಗೂ ಬಂದಿತು. ಹೊಲಿದವರಲ್ಲಿ ಒಬ್ಬಳ ಹೆಸರಾದರೂ ಬರಲಿಲ್ಲ. ಆ ಹುಡುಗಿಯ ಪ್ರಶ್ನೆಯು ಇಲ್ಲಿಗೂ ಸಲ್ಲುತ್ತದೆ.

ಇಷ್ಟನ್ನು ಓದಿದ ಹಿರಿಯರು ಕೆಲವರು, “ಬೇಸಿಗೆಯಲ್ಲಿ ಕೂಡ್ಲಿಗಿಯ ಹಳ್ಳಿಗಳಿಗೆ ಕುಡಿಯುವ ನೀರಿಲ್ಲ, ಸಂಜೆಯ ಬಸ್ಸು ತಪ್ಪಿದರೆ ಹುಡುಗಿಯರು ಮನೆ ಸೇರುವುದು ಕಷ್ಟ, ನಿಮಗೆ ಚಿತ್ರಶಾಲೆಯ ಚಿಂತೆಯೇ?” ಎಂದು ಕೇಳಿಯಾರು. ನ್ಯಾಯವಾದ ಮಾತೇ. ನೀರಿನ ಹಣವನ್ನು ತೆಗೆದು ಚಿತ್ರಕ್ಕೆ ಹಾಕಿರೆಂದು ನಾವು ಹೇಳುವುದಿಲ್ಲ. ಚಿತ್ರ ಕಲಿತರೆ ಹೊಟ್ಟೆ ತುಂಬೀತೇ ಎಂದು ಕೇಳುವ ತಂದೆಗಳಿಗೂ ನಾವು ಸುಳ್ಳು ಭರವಸೆ ಕೊಡುವುದಿಲ್ಲ, ಹೆಚ್ಚಿನವರಿಗೆ ತುಂಬಲಾರದು. ಆದರೆ ಒಂದನ್ನು ನಾವು ವರ್ಷವರ್ಷವೂ ಕಂಡಿದ್ದೇವೆ. ಏಳನೆಯ ತರಗತಿಯಲ್ಲಿ ಪಾಟಿಯ ಮೇಲೆ ನವಿಲನ್ನು ಎಬ್ಬಿಸಿ ನಿಲ್ಲಿಸುತ್ತಿದ್ದ ಹುಡುಗಿಯು ಹತ್ತನೆಯದಕ್ಕೆ ಬರುವಷ್ಟರಲ್ಲಿ, ಅದು ತನಗೆ ಬರುತ್ತದೆಂಬುದನ್ನೇ ಹೇಳಿಕೊಳ್ಳಲು ನಾಚುತ್ತಾಳೆ. ಹತ್ತು ವರ್ಷಗಳ ತರುವಾಯ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಯನ್ನು ನೋಡಲು ಬಂದಾಗ, “ನವಿಲು ಏನಾಯಿತಮ್ಮಾ?” ಎಂದು ಕೇಳಿದರೆ ನಗುತ್ತಾಳೆ. ಆ ನಗೆಯನ್ನು ನಾವು ಸಹಿಸಲಾರೆವು.

ದೊಡ್ಡ ಕಟ್ಟಡವು ಬೇಕೆಂದು ಕಾಯುತ್ತ ಕೂರಬೇಕಾಗಿಲ್ಲ. ಲಂಡನ್ ಪಟ್ಟಣದ ಪೂರ್ವಭಾಗದ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲಿ, ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿಯೂ ಅವರ ಪತ್ನಿ ಹೆನ್ರಿಯೆಟ್ಟಾ ಅವರೂ 1881ರಲ್ಲಿ, ತಮ್ಮ ಸೇಂಟ್ ಜೂಡ್ ಸಭೆಗೆ ಸೇರಿದ ಶಾಲೆಯ ಕೋಣೆಗಳಲ್ಲಿಯೇ ಚಿತ್ರಗಳನ್ನು ತೂಗಿಸಿ ಪ್ರದರ್ಶನ ಮಾಡತೊಡಗಿದರು. ದುಡಿಯುವವರಿಗೆ ಬಿಡುವಿರುವುದು ಭಾನುವಾರವೊಂದೇ ಆದುದರಿಂದ, ಎಷ್ಟು ವಿರೋಧ ಬಂದರೂ ಆ ದಿನವೂ ಬಾಗಿಲು ತೆರೆದಿಟ್ಟರು. ವರ್ಷವರ್ಷವೂ ನಡೆದ ಈ ಕಾರ್ಯದಿಂದಲೇ 1901ರಲ್ಲಿ ವೈಟ್‌ಚಾಪೆಲ್ ಚಿತ್ರಶಾಲೆಯು ಹುಟ್ಟಿತು. 1939ರಲ್ಲಿ ಪಿಕಾಸೋ ಬರೆದ ‘ಗೆರ್ನಿಕಾ’ ಚಿತ್ರವನ್ನು ಅಲ್ಲಿ ತೋರಿಸಿದಾಗ, ಸ್ಪೇನಿನಲ್ಲಿ ಹೋರಾಡುತ್ತಿದ್ದವರಿಗಾಗಿ ಕೇರಿಯ ಜನರು ಬೂಟುಗಳನ್ನು ತಂದು ಆ ಚಿತ್ರದ ಕೆಳಗೆ ಸಾಲಾಗಿ ಇಟ್ಟರಂತೆ. ಮೊದಲು ಶಾಲೆಯ ಕೋಣೆ, ಆಮೇಲೆ ಚಿತ್ರಶಾಲೆ ಎಂಬ ಈ ಕ್ರಮವು ನಮಗೆ ಒಪ್ಪುತ್ತದೆ.

ನಮ್ಮ ಶಾಲೆಗೆ ಒಂದು ಸಭಾಭವನವಿದೆ. ಪರೀಕ್ಷೆಯ ದಿನಗಳನ್ನು ಬಿಟ್ಟರೆ ಅದು ಬಹುಕಾಲ ಬೀಗ ಹಾಕಿಯೇ ಇರುತ್ತದೆ. ಬರುವ ಜನವರಿಯ ಒಂದು ಸಂತೆಯ ದಿನ ಅದನ್ನು ಬೆಳಗಿನಿಂದ ಸಂಜೆಯವರೆಗೆ ತೆರೆದಿಡಬೇಕೆಂದು ನಾವು ಸೂಚಿಸುತ್ತೇವೆ. ಸಂತೆಯ ದಿನವೇ ಏಕೆಂದರೆ, ಹಳ್ಳಿಗಳ ಹೆಂಗಸರು ಅಂದು ಹೇಗೂ ಊರಿಗೆ ಬರುತ್ತಾರೆ. ಬೇರೆಯಾಗಿ ಬಸ್ಸಿನ ಖರ್ಚಿಲ್ಲ. ಒಂದು ಗೋಡೆಗೆ ವಿದ್ಯಾರ್ಥಿನಿಯರ ಚಿತ್ರಗಳು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಹಕ್ಕಿಗಳನ್ನು ಅವರು ಕೆರೆಯ ದಂಡೆಯಲ್ಲಿ ಕುಳಿತು ಬರೆಯಲಿ. ಪಠ್ಯಪುಸ್ತಕದ ಗಿಣಿಯನ್ನು ನೋಡಿ ನೋಡಿ ನಮಗೆ ಬೇಸರವಾಗಿದೆ. ಉಳಿದ ಮೂರು ಗೋಡೆಗಳೂ ತಾಯಂದಿರಿಗೆ, ಅಜ್ಜಿಯರಿಗೆ.

ಪೂರ್ವ ವಿದ್ಯಾರ್ಥಿನಿಯರಲ್ಲಿ ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದವರು ಇನ್ನೊಂದು ಉಪಕಾರ ಮಾಡಬಹುದು. ಅಲ್ಲಿಯ ಚಿತ್ರಶಾಲೆಗಳವರನ್ನು ಕಂಡು, ವರ್ಷಕ್ಕೆ ಹತ್ತು ಮೂಲಚಿತ್ರಗಳನ್ನು ಎರಡು ವಾರಗಳ ಮಟ್ಟಿಗೆ ಇತ್ತ ಕಳುಹಿಸಿಕೊಡುವರೇ ಎಂದು ವಿಚಾರಿಸಬೇಕು. ನಮ್ಮ ಕಡೆಯ ವಸ್ತುಗಳನ್ನು ಅವರು ಒಯ್ಯುವುದಾದರೆ, ಸಲ್ಲತಕ್ಕ ಹಣವನ್ನು ಹೊಲಿದಾಕೆಯ ಕೈಗೇ ಕೊಡಬೇಕೆಂದೂ, ಚೀಟಿಯನ್ನು ಕನ್ನಡದಲ್ಲಿಯೂ ಬರೆಯಬೇಕೆಂದೂ ಮೊದಲೇ ಮಾತನಾಡಿಕೊಳ್ಳಬೇಕು. ಮುಖ ನೋಡಿ ಒಪ್ಪಿಬಿಡಬಾರದು.

ಕೌದಿ, ಕಾಂಚಳಿ, ಕುಲಾವಿ ಯಾವುದನ್ನಾದರೂ ತರತಕ್ಕವರು ಡಿಸೆಂಬರ್ ತಿಂಗಳ ಕೊನೆಯೊಳಗೆ ಹೊಲಿಗೆಯ ತರಗತಿಯ ಉಪಾಧ್ಯಾಯಿನಿಯರಲ್ಲಿ ಒಪ್ಪಿಸಬೇಕು. ಹೊಸದಾಗಿರಬೇಕಾಗಿಲ್ಲ, ಹರಿದಿದ್ದರೂ ಚಿಂತೆಯಿಲ್ಲ. ಹೊಲಿದವರ ಪೂರ್ತಿ ಹೆಸರು, ಊರು ಅಥವಾ ತಾಂಡಾ, ಹೊಲಿದ ವರ್ಷ ನೆನಪಿದ್ದರೆ ಅದನ್ನೂ ಒಂದು ಕಾಗದದಲ್ಲಿ ಬರೆದು ಪಿನ್ನು ಚುಚ್ಚಿ ಕೊಡಬೇಕು. ಬರೆಯಲು ಬಾರದವರಿಗೆ ಎಂಟನೆಯ ತರಗತಿಯ ಹುಡುಗಿಯರು ಬರೆದುಕೊಡುತ್ತಾರೆ.