ಒಂದು ಆಜ್ಞೆ, ಎರಡು ಪದ

ಇಂಗ್ಲಿಷಿನ ಸಮಾನಾರ್ಥಕ ಪದಗಳ ಪಟ್ಟಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ನಮ್ಮ ಮನೆಗಳಲ್ಲಿ ರೂಢಿಯಾಗಿದೆ. ಪರೀಕ್ಷೆಗೆ ಅದು ಉಪಯುಕ್ತವಿರಬಹುದು. ಆದರೆ ಅರ್ಥದಲ್ಲಿ ಸಮೀಪವಿರುವ ಪದಗಳೆಲ್ಲ ಒಂದೇ ಎಂದು ನಂಬುವುದು ಅಪಾಯಕರ. ದಶಾಜ್ಞೆಗಳಲ್ಲಿ ಐದನೆಯದೇ ಇದಕ್ಕೆ ನಿದರ್ಶನ.

ವಿಮೋಚನಾಕಾಂಡದ 20ನೆಯ ಅಧ್ಯಾಯದಲ್ಲಿರುವ ಈ ಆಜ್ಞೆಗೆ 1611ರ ಕಿಂಗ್ ಜೇಮ್ಸ್ ಬೈಬಲ್ ‘ಕಿಲ್’ ಎಂಬ ಪದವನ್ನು ಬಳಸಿತು. 2018ರಲ್ಲಿ ಬೆಂಗಳೂರಿನಿಂದ ಪ್ರಕಟವಾದ ಇ.ಎಸ್.ವಿ. ಕಥೋಲಿಕ ಆವೃತ್ತಿಯಲ್ಲಿರುವುದು ‘ಮರ್ಡರ್’.

‘ಕಿಲ್’ ಎಂದರೆ ಪ್ರಾಣ ತೆಗೆಯುವುದು. ಅದಕ್ಕೆ ಉದ್ದೇಶ ಬೇಕಿಲ್ಲ. ನೆರೆಯೂ ರೋಗವೂ ‘ಕಿಲ್’ ಮಾಡುತ್ತವೆ. ‘ಮರ್ಡರ್’ ಎಂದರೆ ಮನುಷ್ಯನನ್ನು ಅನ್ಯಾಯವಾಗಿ, ಬುದ್ಧಿಪೂರ್ವಕವಾಗಿ ಕೊಲ್ಲುವುದು. ಪ್ರತಿಯೊಂದು ‘ಮರ್ಡರ್’ ಕೂಡ ‘ಕಿಲ್’ ಹೌದು. ಪ್ರತಿಯೊಂದು ‘ಕಿಲ್’ ‘ಮರ್ಡರ್’ ಅಲ್ಲ. ನಮ್ಮ ಕಾನೂನೂ ಇಂತಹ ಭೇದವನ್ನು ಮಾನ್ಯ ಮಾಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ದಂಡನಾರ್ಹ ನರಹತ್ಯೆಯನ್ನು 100ನೆಯ ಕಲಮಿನಲ್ಲಿಯೂ ಕೊಲೆಯನ್ನು 101ನೆಯ ಕಲಮಿನಲ್ಲಿಯೂ ಬೇರೆಬೇರೆಯಾಗಿ ನಿರೂಪಿಸುತ್ತದೆ.

ಆಜ್ಞೆಯ ಮೂಲ ಹೀಬ್ರೂ ಪದವಾದ ‘ರಾತ್ಸಾಖ್’ಗೆ ಈ ಎರಡೂ ಪೂರ್ಣವಾಗಿ ಹೊಂದುವುದಿಲ್ಲ. ರಣರಂಗದಲ್ಲಿ ಶತ್ರುವನ್ನು ಸಂಹರಿಸುವುದಕ್ಕೂ ಬಲಿಪಶುವಿನ ವಧೆಗೂ ಹೀಬ್ರೂ ಬೈಬಲ್ ಅನ್ಯ ಪದಗಳನ್ನು ಬಳಸುತ್ತದೆ. ಆದ್ದರಿಂದ ‘ಕಿಲ್’ ಅತಿ ವಿಶಾಲವಾಯಿತು. ಆದರೆ ಸಂಖ್ಯಾಕಾಂಡದ 35ನೆಯ ಅಧ್ಯಾಯವು, ಕೈತಪ್ಪಿ ಒಬ್ಬನನ್ನು ಕೊಂದು ಆಶ್ರಯನಗರಕ್ಕೆ ಓಡಿಹೋಗುವವನಿಗೂ ಅದೇ ಧಾತುವನ್ನು ಬಳಸುತ್ತದೆ. ಆದ್ದರಿಂದ ‘ಮರ್ಡರ್’ ಅತಿ ಸಂಕುಚಿತವಾಯಿತು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಮದ್ಯಪಾನ ಮಾಡಿ ವಾಹನ ಚಲಾಯಿಸಿ ಪಾದಚಾರಿಯೊಬ್ಬನ ಸಾವಿಗೆ ಕಾರಣನಾದವನು, ‘ನಾನು ಮರ್ಡರ್ ಮಾಡಿಲ್ಲ’ ಎಂದು ಹೇಳಿ ಐದನೆಯ ಆಜ್ಞೆಯಿಂದ ನುಣುಚಿಕೊಳ್ಳಬಹುದೇ? ಖಂಡಿತ ಇಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಈ ಆಜ್ಞೆಯನ್ನು ವಿವರಿಸುವಾಗಲೇ, ಕುಡಿತದಿಂದಲೋ ಅತಿವೇಗದ ಮೋಹದಿಂದಲೋ ರಸ್ತೆಯಲ್ಲಿ ಪರರ ಸುರಕ್ಷತೆಗೆ ಕುತ್ತು ತರುವವರು ಗಂಭೀರ ದೋಷಕ್ಕೆ ಒಳಗಾಗುತ್ತಾರೆಂದು ಸ್ಪಷ್ಟಪಡಿಸಿದೆ. ಒಂದೇ ಪದವನ್ನು ಹಿಡಿದು ಆಜ್ಞೆಯನ್ನು ಅಳೆಯುವವನಿಗೆ ಈ ಹೊಣೆ ಕಾಣದೆ ಹೋದೀತು.

ಆದುದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಕ್ಕಳು ಎರಡು ಸಮಾನಾರ್ಥಕ ಪದಗಳನ್ನು ಒಪ್ಪಿಸಿದಾಗ ಅಷ್ಟಕ್ಕೇ ತೃಪ್ತರಾಗದಿರಿ. ಒಂದು ಸಲ್ಲುವಲ್ಲಿ ಇನ್ನೊಂದು ಎಲ್ಲಿ ಸಲ್ಲದು ಎಂದು ಕೇಳಿರಿ. ಪದಗಳನ್ನು ತೂಗಿ ಆಡಲು ಕಲಿತ ಮಗು, ತನ್ನ ನಡತೆಯನ್ನೂ ತೂಗಿ ನೋಡಲು ಕಲಿತೀತು.